ಬೀದರ ಗಾಡ್ಯಾಗ ಲೆಸ್ಟರ್ ಮಾತು

ಕಲಬುರಗಿ ಸ್ಟೇಷನ್ನಿನಲ್ಲಿ ಬೀದರ ಗಾಡಿ ಹತ್ತುವಾಗ ನಮ್ಮ ಹತ್ತಿರ ಇದ್ದದ್ದು ಎರಡು ಬ್ಯಾಗು, ಕಡಕ್ ರೊಟ್ಟಿಯ ಒಂದು ಗಂಟು, ಬಲೆಚೀಲದಲ್ಲಿ ನಾಲ್ಕು ಫುಟ್‌ಬಾಲು. ರೊಟ್ಟಿ ನನ್ನ ತಂಗಿ ಕಟ್ಟಿಕೊಟ್ಟದ್ದು, ಚೆಂಡು ಅವಳ ಮಗನವು. ಅವನು ಇಂಜಿನಿಯರಿಂಗ್ ಓದುತ್ತಾನೆ ಅಂತ ಮನೆಯವರು ಹೇಳುತ್ತಾರೆ. ಅವನನ್ನೇ ಕೇಳಿದರೆ ಫುಟ್‌ಬಾಲ್ ಟೀಮು ನಡೆಸುತ್ತಾನೆ. ಭಾನುವಾರ ಬೀದರಿನಲ್ಲಿ ಒಂದು ಪಂದ್ಯವಿತ್ತು. ನಾನು ಜನವರಿ ರಜೆಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದೆ, ಬೀದರ ಕೋಟೆ ನೋಡಿ ಇಪ್ಪತ್ತು ವರ್ಷ ಆಗಿತ್ತು. "ಬಾ ಮಾಮಾ, ನಮ್ ಜೋಡಿ" ಅಂದ. ಹೊರಟೆ.

ಹಿಂದೆ ಬೀದರಿಗೆ ಹೋಗೋದು ಅಂದರೆ ಹುಮನಾಬಾದ ಮೇಲೆ ಬಸ್ಸಿನಲ್ಲಿ ಸೊಂಟ ಮುರಿಸಿಕೊಳ್ಳೋದು, ಇಲ್ಲವೇ ವಿಕಾರಾಬಾದ್ ಸುತ್ತಿ ರೈಲು. 2017ರ ಅಕ್ಟೋಬರಿನಲ್ಲಿ ಈ ನೇರ ಹಳಿ ಶುರುವಾಯಿತು. ಇದರ ಮಾತು ಕೇಳುತ್ತಲೇ ಒಂದು ತಲೆಮಾರು ಮುದುಕಾಗಿತ್ತು. ಈಗ ಕಿಟಕಿಗೆ ತಲೆ ಆನಿಸಿ ಕೂತರೆ ತೊಗರಿ ಕೊಯ್ದ ಹೊಲ, ಒಟ್ಟಿದ ಬಣವೆ, ನಡುನಡುವೆ ಕುಸುಬಿಯ ಹಳದಿ. ಕಮಲಾಪುರದವರೆಗೆ ಮಣ್ಣು ಕರಿ, ಆಮೇಲೆ ನಿಧಾನಕ್ಕೆ ಕೆಂಪಿಗೆ ತಿರುಗುತ್ತದೆ.

ಟೀಮಿನ ಉಳಿದ ಹುಡುಗರು ಪಕ್ಕದ ಡಬ್ಬಿಯಲ್ಲಿದ್ದರು. ನಮ್ಮೆದುರು ಹುಮನಾಬಾದ ಕಡೆಯ ಒಬ್ಬ ಹಿರಿಯರು, ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ಮಾರಿ ಊರಿಗೆ ಹೊರಟವರು. ಹುಡುಗನ ಬ್ಯಾಗಿನ ಮೇಲಿನ ಚಿತ್ರವನ್ನೇ ಬಹಳ ಹೊತ್ತು ನೋಡಿದರು.

"ತಮ್ಮಾ, ನರಿ ಚಿತ್ರ ಯಾಕ್ ಹಚ್ಚೀಯೋ? ಮುಂಜಾನೆದ್ದು ನರಿ ಮಾರಿ ನೋಡಿದ್ರ ಛಲೋ ಅಂತನಾ?"

ಇಷ್ಟು ಸಾಕಾಯಿತು. ಆ ನರಿ ಲೆಸ್ಟರ್ ಸಿಟಿಯದು. 2015-16ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್ಬು. ಅದರ ಹಿಂದಿನ ವರ್ಷ ಅದೇ ಕ್ಲಬ್ಬು 140 ದಿನ ಪಟ್ಟಿಯ ಕಟ್ಟಕಡೆಯಲ್ಲಿ ಬಿದ್ದಿತ್ತು. ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳು ಗೆದ್ದು ಕೆಳದರ್ಜೆಗೆ ಬೀಳದೆ ಹೇಗೋ ಉಳಿದುಕೊಂಡಿತು. ಹೊಸ ಸೀಸನ್ನಿಗೆ ಮುಂಚೆ ಬಾಜಿ ಕಟ್ಟಿಸಿಕೊಳ್ಳುವವರು ಲೆಸ್ಟರ್ ಗೆದ್ದರೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂದಿದ್ದರು. ಹುಡುಗ ಇದನ್ನೆಲ್ಲ ಪುರಾಣದ ಹಾಗೆ ಹೇಳುತ್ತಾನೆ, ಕೈ ಎತ್ತಿ, ಕಣ್ಣು ಅಗಲಿಸಿ.

"ಒಂದಕ್ಕ ಐದ್ ಸಾವಿರ?" ಹಿರಿಯರು ನಕ್ಕರು. "ನಮ್ ಕಡಿ ಮಟ್ಕಾದಾಗ ಒಂದಕ್ಕ ಎಂಬತ್ತು. ಅದಕ್ಕೇ ಮನಿ ಮಾರ್ಕೊಂಡೋರು ಅದಾರ."

ನನಗೆ ಈ ಪುರಾಣದ ಧಾಟಿ ಅಷ್ಟು ಹಿಡಿಸುವುದಿಲ್ಲ. 'ಛಲ ಇದ್ದರೆ ಏನೂ ಸಾಧ್ಯ' ಅನ್ನೋದು ಗೋಡೆಗೆ ಅಂಟಿಸುವ ಮಾತು. ಛಲ ಇದ್ದ ಸಣ್ಣ ಕ್ಲಬ್ಬು ಪ್ರತಿ ವರ್ಷ ಹತ್ತಾದರೂ ಇರುತ್ತವೆ, ಗೆಲ್ಲುವುದಿಲ್ಲ. ಹಾಗಾಗಿ ಬಾಯಿ ಹಾಕಿದೆ. ಲೆಸ್ಟರ್ ಮಾಡಿದ ಮೊದಲ ಕೆಲಸ ಸಂತೆಯದು: ಬೇರೆಯವರು ಕೈಗೆತ್ತಿ ನೋಡಿ ಕೆಳಗಿಟ್ಟ ಮಾಲನ್ನು ಕೊಂಡದ್ದು. ಜೇಮಿ ವಾರ್ಡಿ ಕೆಳದರ್ಜೆ ಲೀಗುಗಳಲ್ಲಿ ಆಡುತ್ತ ಕಾರ್ಖಾನೆ ಕೆಲಸ ಮಾಡಿಕೊಂಡಿದ್ದವನು, 2012ರಲ್ಲಿ ಫ್ಲೀಟ್‌ವುಡ್ ಟೌನಿನಿಂದ ಹತ್ತು ಲಕ್ಷ ಪೌಂಡಿಗೆ ಬಂದ. ರಿಯಾದ್ ಮಹ್ರೆಝ್ ಫ್ರಾನ್ಸಿನ ಎರಡನೇ ದರ್ಜೆಯ ಲೆ ಹಾವ್ರ್‌ನಲ್ಲಿದ್ದ, ಅದರ ಅರ್ಧದಷ್ಟೂ ಬೆಲೆಯಿಲ್ಲ. ಲೆಸ್ಟರಿಗೆ ಆಟಗಾರರನ್ನು ಹುಡುಕುತ್ತಿದ್ದ ಸ್ಟೀವ್ ವಾಲ್ಶ್ ಅಲ್ಲಿಗೆ ಹೋದದ್ದು ಬೇರೊಬ್ಬ ಆಟಗಾರನನ್ನು ನೋಡಲು, ಕಣ್ಣು ನಿಂತದ್ದು ಇವನ ಮೇಲೆ. ಮಧ್ಯದಲ್ಲಿ ಓಡಿ ಓಡಿ ಚೆಂಡು ಕಸಿಯುವ ಎನ್‌ಗೊಲೊ ಕಾಂಟೆ ಕಾನ್ ಎಂಬ ಫ್ರೆಂಚ್ ಕ್ಲಬ್ಬಿನಿಂದ 2015ರಲ್ಲಿ ಬಂದ. ಆ ಸೀಸನ್ನಿನಲ್ಲಿ ವಾರ್ಡಿ 24 ಗೋಲು, ಮಹ್ರೆಝ್ 17.

"ಎತ್ತಿನ ಸಂತಿ ಇದ್ದಂಗ ಅದ" ಅಂದರು ಹಿರಿಯರು. "ಬಡಕಲ ಎತ್ತು ಇರ್ತದ, ಹಲ್ಲು ನೋಡಿ ಹಿಡೀಬೇಕು. ಆಮ್ಯಾಲೆ?"

ಆಮೇಲೆ ಆಟ. ಕೋಚ್ ಕ್ಲಾಡಿಯೋ ರಾನಿಯೇರಿ ಬಂದವನೇ ಎಲ್ಲವನ್ನೂ ತಿರುವಿಹಾಕಲಿಲ್ಲ, ಇದ್ದ ಟೀಮನ್ನು ಇದ್ದಂತೆ ಬಿಟ್ಟ. ಹಳೇ ಕಾಲದ 4-4-2: ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಚೆಂಡು ಎದುರಾಳಿಯ ಕಾಲಲ್ಲೇ ಹೆಚ್ಚು ಹೊತ್ತು ಇರಲಿ, ಗೋಲಿನ ಮುಂದೆ ವೆಸ್ ಮಾರ್ಗನ್, ರಾಬರ್ಟ್ ಹೂತ್ ಗೋಡೆಯಾಗಿ ನಿಲ್ಲಲಿ, ಕಾಂಟೆ ಕಸಿಯಲಿ, ಒಂದೇ ಉದ್ದನೆಯ ಪಾಸು, ವಾರ್ಡಿ ಓಡಲಿ. ಮೊದಮೊದಲು ಗೋಲು ಬಿಟ್ಟುಕೊಡುತ್ತಲೇ ಇದ್ದರು. ಒಂದು ಪಂದ್ಯದಲ್ಲಾದರೂ ಗೋಲು ಬಿಡದಿದ್ದರೆ ಪಿಜ್ಜಾ ಕೊಡಿಸುತ್ತೇನೆ ಅಂತ ರಾನಿಯೇರಿ ಮಾತು ಕೊಟ್ಟ. ಅಕ್ಟೋಬರಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಮೇಲೆ 1-0 ಆಯಿತು. ಹುಡುಗರನ್ನು ಅಂಗಡಿಗೆ ಕರೆದೊಯ್ದು ಅವರವರ ಪಿಜ್ಜಾ ಅವರವರ ಕೈಯಿಂದಲೇ ಮಾಡಿಸಿದ. ವಸಂತದ ಹೊತ್ತಿಗೆ ಅದೇ 1-0 ಅವರ ಚಾಳಿಯಾಯಿತು, ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ ಐದು ಸಲ. ಯುರೋಪಿನ ಬೇರೆ ದೇಶಗಳ ಕ್ಲಬ್ಬುಗಳ ಜೊತೆ ಪಂದ್ಯಗಳಿಲ್ಲ, ಆದ್ದರಿಂದ ನಡುವಾರ ವಿಶ್ರಾಂತಿ. ಗಾಯಗಳೂ ಕಡಿಮೆ. ಹೆಚ್ಚುಕಮ್ಮಿ ಅದೇ ಹನ್ನೊಂದು ಜನ ವರ್ಷಪೂರ್ತಿ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು, ಆದರೆ ಪೋಸ್ಟರಿನಲ್ಲಿ ಯಾರೂ ಬರೆಯುವುದಿಲ್ಲ.

ಹಿರಿಯರು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತ ಕೇಳಿದರು:

"ಅದೆಲ್ಲಾ ಖರೆ. ಆ ವರ್ಷ ದೊಡ್ ಮಂದಿ ಏನ್ ಮಾಡ್ಲಕತ್ತಿತ್ತು?"

ಟಿವಿಯಲ್ಲಿ ಕೋಟು ಹಾಕಿಕೊಂಡು ಕೂರುವವರು ಈ ಪ್ರಶ್ನೆ ಕೇಳಿದ್ದು ಕಡಿಮೆ. ಹಿಂದಿನ ವರ್ಷ ಗೆದ್ದ ಚೆಲ್ಸಿ ಡಿಸೆಂಬರಿನಲ್ಲೇ ಕೋಚ್ ಮೊರಿನ್ಯೊನನ್ನು ಕಳಿಸಿ ಹತ್ತನೇ ಸ್ಥಾನದಲ್ಲಿ ಮುಗಿಸಿತು. ಲಿವರ್‌ಪೂಲ್ ಅಕ್ಟೋಬರಿನಲ್ಲಿ ಕೋಚ್ ಬದಲಿಸಿ ಎಂಟನೆಯದಾಯಿತು. ಮ್ಯಾಂಚೆಸ್ಟರ್ ಸಿಟಿ ಮುಂದಿನ ವರ್ಷಕ್ಕೆ ಗಾರ್ಡಿಯೋಲಾ ಬರುತ್ತಾನೆ ಅಂತ ಫೆಬ್ರವರಿಯಲ್ಲೇ ಸಾರಿ, ಇದ್ದ ಕೋಚನ್ನು ಬಾಡಿಗೆದಾರನ ಹಾಗೆ ಮಾಡಿಬಿಟ್ಟಿತ್ತು. ಮ್ಯಾಂಚೆಸ್ಟರ್ ಯುನೈಟೆಡ್ ಐದನೆಯದು. ಲೆಸ್ಟರಿಗೆ 81 ಅಂಕ, ಎರಡನೆಯ ಆರ್ಸೆನಲ್‌ಗೆ 71. ಮೂರೇ ವರ್ಷದ ಮೇಲೆ, 2018-19ರಲ್ಲಿ, ಲಿವರ್‌ಪೂಲ್ 97 ಅಂಕ ತೆಗೆದೂ ಎರಡನೆಯದಾಯಿತು. ಅಂಥ ವರ್ಷದಲ್ಲಿ 81 ತಂದರೆ ಯಾರು ಕೇಳುತ್ತಾರೆ?

"ಹಂಗಂದ್ರ ನಸೀಬು" ಅಂದೆ ನಾನು, ಹುಡುಗನ ಮುಖ ನೋಡುತ್ತ.

"ನಸೀಬು ಅಲ್ರಿ ಸಾಹೇಬ್ರ" ಅಂದರು ಹಿರಿಯರು. "ಯಾವ್ ಸಾಲ ಅಂದ್ರಿ? 2015? ಆ ಸಾಲ ತೊಗರಿ ಬ್ಯಾಳಿ ಕಿಲೋ ಇನ್ನೂರು ಆಗಿತ್ತು, ನೆಪ್ಪದನಾ? ಮಳಿ ಇಲ್ಲ, ಎಲ್ಲಾ ಕಡಿ ಬೆಳಿ ಒಣಗಿತ್ತು, ಅದಕ್ಕ ರೇಟು. ರೇಟ್ ಬಂತು ಅಂತ ಎಲ್ಲಾರಿಗೂ ರೊಕ್ಕ ಬಂತನಾ? ಮನ್ಯಾಗ ಚೀಲ ಇದ್ದಾವಂಗ ಬಂತು. ನಾ ನಾಕ್ ಎಕರೆಕ್ಕ ಬಾವಿ ನೀರ್ ಹೊಡ್ದು ಉಳಸಿದ್ದೆ. ಮಂದೀದು ಕೆಟ್ಟಾಗ ನಂದು ಇರಬೇಕು. ಎರಡೂ ಕೂಡಬೇಕು."

ಮುಂದಿನ ಸಾಲಿನ ಕಥೆಯನ್ನೂ ಅವರೇ ಹೇಳಿದರು. ರೇಟು ಕಂಡು ಎಲ್ಲರೂ ತೊಗರಿ ಬಿತ್ತಿದರು, ಮಳೆಯೂ ಬಂತು, ರೇಟು ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಅದೇ 2016-17ರಲ್ಲಿ ಲೆಸ್ಟರ್ ಹನ್ನೆರಡನೆಯದು, ರಾನಿಯೇರಿಗೆ ಫೆಬ್ರವರಿಯಲ್ಲೇ ಮನೆ ದಾರಿ. ಕಾಂಟೆಯನ್ನು ಚೆಲ್ಸಿ ಕೊಂಡಿತು, ಆ ವರ್ಷದ ಲೀಗನ್ನೂ ಗೆದ್ದಿತು. ಹುಡುಗ ಇದನ್ನು ಕೇಳಿಸಿಕೊಳ್ಳದವನಂತೆ ಕಿಟಕಿಯಾಚೆ ನೋಡುತ್ತಿದ್ದ. ಅಷ್ಟರಲ್ಲಿ ಮರಗುತ್ತಿ ಸುರಂಗ ಬಂತು, ಡಬ್ಬಿಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು, ಮಾತು ನಿಂತಿತು. ಹುಮನಾಬಾದದಲ್ಲಿ ಹಿರಿಯರು ಇಳಿದರು, ಇಳಿಯುವಾಗ ಹುಡುಗನ ಬೆನ್ನು ತಟ್ಟಿ, "ನರಿ ಇರ್ಲಿ ಬಿಡಪ್ಪಾ" ಅಂದರು.

ಬೀದರಿನ ಜನವರಿ ಚಳಿಯನ್ನು ಮರೆತು ಬಂದದ್ದು ನನ್ನ ತಪ್ಪು. ಸ್ವೆಟರ್ ಇಲ್ಲದೆ ಮುಂಜಾನೆ ಕೋಟೆಗೆ ಹೋದೆ. ಕಲಬುರಗಿಯಿಂದ ರಾಜಧಾನಿಯನ್ನು ಎತ್ತಿಕೊಂಡು ಬಂದ ಬಹಮನಿ ಸುಲ್ತಾನರು ಈ ಜಂಬಿಟ್ಟಿಗೆಯ ದಿನ್ನೆಯನ್ನು ಯಾಕೆ ಆರಿಸಿದರು ಅನ್ನೋದು ಗೋಡೆ ಮೇಲೆ ನಿಂತು ಕೆಳಗಿನ ಬಯಲು ನೋಡಿದರೆ ತಿಳಿಯುತ್ತದೆ. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಇನ್ನೂ ಮಿನುಗುತ್ತದೆ. 1472ರ ಮಹಮೂದ್ ಗವಾನ್ ಮದರಸಾಕ್ಕೆ ಉಳಿದಿರುವುದು ಒಂದೇ ಮಿನಾರು, ಅದರ ಬುಡದ ನೀಲಿ ಹಂಚಿನ ಮುಂದೆ ಸೆಲ್ಫಿಗೆ ಸಾಲು. ನೌಬಾದದ ಸುರಂಗ ಬಾವಿಗೂ ಹೋದೆ. ನೆಲದೊಳಗೆ ಕೊರೆದ ಕಾಲುವೆ, ಮೇಲೆ ಅಲ್ಲಲ್ಲಿ ಬಾಯಿ ತೆರೆದ ಕುಣಿಗಳು. ಬಗ್ಗಿ ನೋಡಿ ಬಂದೆ, ಇಳಿಯಲಿಲ್ಲ.

ಹೊತ್ತು ಕಳೆದದ್ದು ಬಿದ್ರಿ ಕೆಲಸದ ಓಣಿಯಲ್ಲಿ. ಹುಡುಗನೂ ಬಂದಿದ್ದ. ಒಬ್ಬ ಚಾಚಾ ಸತು, ತಾಮ್ರ ಕೂಡಿಸಿ ಎರಕ ಹೊಯ್ದ ಹೂಜಿಯನ್ನು ಮೊಣಕಾಲಿಗೆ ಒತ್ತಿಕೊಂಡು ಕೂತಿದ್ದರು. ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿದ ಮೈ ಮೇಲೆ ಕಣ್ಣಳತೆಯಲ್ಲೇ ಬಳ್ಳಿ ಕೊರೆದು, ಕೊರೆದ ಗೀರಿನೊಳಗೆ ಕೂದಲಿನಂಥ ಬೆಳ್ಳಿ ತಂತಿ ಇಟ್ಟು ಟಕ್ ಟಕ್ ಅಂತ ಬಡಿಯುವುದು. ಬಡಿದಾದ ಮೇಲೆ ಉಜ್ಜಿದರೆ ಎಲ್ಲವೂ ಬಿಳಿ, ಬೆಳ್ಳಿ ಯಾವುದು ಸತು ಯಾವುದು ತಿಳಿಯುವುದಿಲ್ಲ. ಕಡೆಗೆ ಬರುವುದು ಮಣ್ಣು. ಕೋಟೆಯೊಳಗೆ ಎಷ್ಟೋ ಕಾಲದಿಂದ ಮಳೆ ಬಿಸಿಲು ಕಾಣದ ಜಾಗದ ಮಣ್ಣು. ಚಾಚಾ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ನಾಲಿಗೆ ತುದಿಗೆ ಹಚ್ಚಿಕೊಂಡರು, ಕಣ್ಣು ಸಣ್ಣ ಮಾಡಿದರು, ತಲೆ ಆಡಿಸಿದರು. ಅದೇ ಪರೀಕ್ಷೆ. ಅದನ್ನು ನವಸಾಗರದ ಜೊತೆ ನೀರಲ್ಲಿ ಕಲಸಿ ಬಿಸಿ ಹೂಜಿಗೆ ತಿಕ್ಕಿದರೆ ಸತು ಇದ್ದಿಲಿನಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ.

"ಸ್ಟೀವ್ ವಾಲ್ಶ್" ಅಂತ ಹುಡುಗ ಕಿವಿಯಲ್ಲಿ ಪಿಸುಗುಟ್ಟಿದ. ಮಣ್ಣನ್ನು ನಾಲಿಗೆಯಲ್ಲಿ ಅಳೆಯುವವನಿಗೂ ಆಟಗಾರನನ್ನು ಕಣ್ಣಲ್ಲಿ ಅಳೆಯುವವನಿಗೂ ಹೋಲಿಕೆ ಬಹಳ ಸಲೀಸು, ಅದಕ್ಕೇ ನನಗೆ ಅನುಮಾನ. ಆದರೆ ಹುಡುಗನ ಮುಂದೆ ಹೇಳಲಿಲ್ಲ.

ರಾತ್ರಿ ಚಹಾದಂಗಡಿಯಲ್ಲಿ ಟೀಮಿನವರೆಲ್ಲ ಕೂಡಿದಾಗ ಲೆಸ್ಟರ್ ಬಿಟ್ಟು ಐಜೋಲ್ ಬಂತು. ಇದು ನಮ್ಮದೇ ದೇಶದ ಕಥೆ. ಯಾಕೋ ನಮ್ಮವರಿಗೆ ಇಂಗ್ಲೆಂಡಿನಷ್ಟು ಇದು ಗೊತ್ತಿಲ್ಲ. ಮಿಜೋರಾಮಿನ ಐಜೋಲ್ ಎಫ್‌ಸಿ 2015-16ರಲ್ಲಿ ಆಗ ದೇಶದ ಮೇಲಿನ ದರ್ಜೆಯ ಲೀಗಾಗಿದ್ದ ಐ-ಲೀಗಿನಿಂದ ಕೆಳಗಿಳಿದಿತ್ತು. ಗೋವಾದ ಕ್ಲಬ್ಬುಗಳು ಮುನಿಸಿಕೊಂಡು ಲೀಗನ್ನೇ ಬಿಟ್ಟಿದ್ದರಿಂದ ಜಾಗ ಖಾಲಿಯಾಗಿ ಮತ್ತೆ ಒಳಗೆ ಬಂತು. ಮುಂಬೈ ಎಫ್‌ಸಿ ಕೈಬಿಟ್ಟ ಖಾಲಿದ್ ಜಮೀಲ್ ಕೋಚ್. ಜೊತೆಗೆ ಮುಂಬೈಯಿಂದಲೇ ಬಂದ ಜಯೇಶ್ ರಾಣೆ, ಆಶುತೋಷ್ ಮೆಹ್ತಾ, ಸಿರಿಯಾದ ಅಲ್ ಅಮ್ನಾ, ಉಳಿದಂತೆ ಬೆಟ್ಟದ ಮಿಜೋ ಹುಡುಗರು. 2017ರ ಏಪ್ರಿಲ್ 22ಕ್ಕೆ ಕೋಲ್ಕತ್ತದ ಮೋಹನ್ ಬಗಾನನ್ನು ತಮ್ಮ ಮನೆಯಂಗಳದಲ್ಲಿ 1-0 ಹೊಡೆದರು. ಎಂಟು ದಿನ ಬಿಟ್ಟು ಶಿಲ್ಲಾಂಗಿನಲ್ಲಿ 1-1 ಮಾಡಿಕೊಂಡು, ಬಗಾನಿಗಿಂತ ಒಂದೇ ಅಂಕ ಮೇಲೆ, 37ಕ್ಕೆ ಲೀಗ್ ಗೆದ್ದರು. ಈಶಾನ್ಯದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಗೆದ್ದಿರಲಿಲ್ಲ. ಅದೇ ಜಮೀಲ್ 2025ರಲ್ಲಿ ಭಾರತ ತಂಡದ ಕೋಚ್ ಆದರು.

"ಅವರ ಮನ್ಯಾಗ ಚೀಲ ಇದ್ವು ಮಾಮಾ" ಅಂದ ಹುಡುಗ. ಮಿಜೋರಾಮಿನಲ್ಲಿ 2012ರಿಂದಲೇ ಸ್ವಂತ ಲೀಗ್ ನಡೆಯುತ್ತಿತ್ತು, ಚರ್ಚಿನ ಅಂಗಳದಿಂದ ಶಾಲೆಯ ಅಂಗಳದವರೆಗೆ ಚೆಂಡೇ. ನಮ್ಮ ಕಡೆ? ಕಲಬುರಗಿಯಲ್ಲಿ ಖಾಲಿ ಮೈದಾನ ಕಂಡರೆ ಮೂರು ಸ್ಟಂಪು ನಿಲ್ಲುತ್ತವೆ. ಈ ಟೀಮಿನಲ್ಲಿ ಇದ್ದದ್ದು ಹನ್ನೆರಡು ಜನ, ಒಬ್ಬನಿಗೆ ಜ್ವರ.

ಪಂದ್ಯದ ಬಗ್ಗೆ ಹೆಚ್ಚು ಹೇಳುವುದು ಅವರಿಗೂ ಇಷ್ಟವಿಲ್ಲ. ಎಂಟಕ್ಕೆ ಅಂದದ್ದು ಶುರುವಾದಾಗ ಹತ್ತೂವರೆ, ನಡೆಸುವವರು ಮೈದಾನಕ್ಕೆ ಗೆರೆ ಎಳೆಯುವುದನ್ನೇ ಮರೆತಿದ್ದರು. ಎದುರಿನವರಿಗೆ ಒಂದೇ ಬಣ್ಣದ ಬೂಟು, ಬೆಂಚಿನಲ್ಲಿ ಏಳು ಜನ, ಸೀಟಿ ಹಾಕಿಕೊಂಡ ಕೋಚ್. ನಮ್ಮವರು ಲೆಸ್ಟರ್ ಪಾಠದಂತೆ ಹಿಂದೆ ಸರಿದು ಗೋಡೆ ಕಟ್ಟಿದರು. ಮೊದಲರ್ಧ 0-0. ಎರಡನೆಯ ಅರ್ಧಕ್ಕೆ ಹತ್ತು ನಿಮಿಷ ಆಗಿತ್ತು, ಉದ್ದಕ್ಕೆ ಒದ್ದ ಒಂದು ಚೆಂಡಿನ ಹಿಂದೆ ಶಹಾಬಾದಿನ ಹುಡುಗನೊಬ್ಬ ಓಡಿದ. ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವವನು, ಕಾಲೇಜಿನವನಲ್ಲ. ಮಾತಿಲ್ಲ ಕಥೆಯಿಲ್ಲ, ಇಡೀ ದಾರಿ ಪಕ್ಕದ ಡಬ್ಬಿಯಲ್ಲಿ ಮಲಗಿಯೇ ಬಂದಿದ್ದ. ಗೋಲ್ ಕೀಪರ್ ಮುಂದೆ ಬಂದ, ಇವನು ಕಾಲ್ಬೆರಳ ತುದಿಯಿಂದ ಚೆಂಡನ್ನು ಪಕ್ಕಕ್ಕೆ ಸರಿಸಿದ. 1-0. ನಮ್ಮವರು ಮೈದಾನದಲ್ಲೇ ಉರುಳಾಡಿದರು. ಆಮೇಲೆ ನಮ್ಮ ನಡುಗೋಡೆಯವನ ಮೀನಖಂಡ ಹಿಡಿದುಕೊಂಡಿತು. ಬೆಂಚಿನಲ್ಲಿ ಇದ್ದದ್ದು ಜ್ವರದವನು ಮತ್ತು ನಾನು. ಕೊನೆಯ ಇಪ್ಪತ್ತು ನಿಮಿಷದಲ್ಲಿ ಮೂರು ಗೋಲು ಬಿದ್ದವು.

ಪಂದ್ಯ ಮುಗಿದ ಮೇಲೆ ಸೀಟಿಯ ಕೋಚ್ ಸೀದಾ ಆ ಶಹಾಬಾದಿನ ಹುಡುಗನ ಹತ್ತಿರ ಬಂದರು. ಹೆಗಲ ಮೇಲೆ ಕೈ ಹಾಕಿ ಏನೋ ಕೇಳಿದರು, ಮೊಬೈಲ್ ತೆಗೆದು ನಂಬರ್ ಬರೆದುಕೊಂಡರು. ನನ್ನ ತಂಗಿಯ ಮಗ ಬೂಟಿನ ದಾರ ಬಿಚ್ಚುವುದನ್ನು ಬಿಟ್ಟು ನೋಡುತ್ತಿದ್ದ.

"ಏನಂದ್ರಲೇ ಅವ್ರು?"

"ಏನಿಲ್ಲ. ಬೂಟ್ ಕೊಡ್ತೀವಿ, ಬಾ ಅಂದ್ರು."

ವಾಪಸ್ ಗಾಡಿಯಲ್ಲಿ ಆ ಹುಡುಗನನ್ನು ಪಕ್ಕದ ಡಬ್ಬಿಗೆ ಬಿಡಲಿಲ್ಲ, ನಮ್ಮ ಜೊತೆ ಕೂರಿಸಿಕೊಂಡರು. ಕಿಟಕಿ ಸೀಟು ಅವನಿಗೆ. ಗಂಟಿನಲ್ಲಿ ಉಳಿದಿದ್ದ ಎರಡು ರೊಟ್ಟಿಗೆ ಡಬ್ಬಿಯ ತಳದ ಹಿಂಡಿಯನ್ನೆಲ್ಲ ಕೆರೆದು ಹಚ್ಚಿ ನನ್ನ ತಂಗಿಯ ಮಗ ಅವನ ಕೈಗಿಟ್ಟ. ನನಗೂ ಹಸಿವಾಗಿತ್ತು. ಯಾರೂ ಕೇಳಲಿಲ್ಲ.