ವಾಲ್ಪಾರೈ: ಚಹಾ ತೋಟದೊಳಗಿನ ಆನೆ ದಾರಿ

ತಮಿಳುನಾಡಿನ ಪೊಳ್ಳಾಚಿಯಿಂದ ಹೊರಟು ಆಳಿಯಾರ್ ಅಣೆಕಟ್ಟು ದಾಟಿದರೆ ಘಟ್ಟ ಶುರು. 40 ಹೇರ್‌ಪಿನ್ ತಿರುವು. ಮೇಲೆ ಹತ್ತಿದರೆ ವಾಲ್ಪಾರೈ, ಕಣ್ಣು ಹಾಯಿಸಿದಷ್ಟೂ ಚಹಾ. ಚೆಂದವೇ, ಆದರೆ ಇದೆಲ್ಲ ಮಳೆಕಾಡಾಗಿತ್ತು. 1890ರ ದಶಕದಿಂದ ಕಾಡು ಕಡಿದು ಮೊದಲು ಕಾಫಿ, ಆಮೇಲೆ ಚಹಾ ಹಾಕಿದರು. ಸುತ್ತಲೂ ಆನಮಲೈ, ಪರಂಬಿಕುಳಂ ಕಾಡು. ಈ ಕಾಡಿಂದ ಆ ಕಾಡಿಗೆ ಹೋಗುವ ಆನೆ ತೋಟದೊಳಗೇ ಹಾಯಬೇಕು. ಬೇರೆ ದಾರಿ ಎಲ್ಲಿದೆ?

ಹಗಲು ಅವು ಹೊಳೆ ಪಕ್ಕದಲ್ಲಿ ಉಳಿದಿರುವ ಕಾಡಿನ ತುಣುಕುಗಳಲ್ಲಿ ಇರುತ್ತವೆ. ಕತ್ತಲಾದ ಮೇಲೆ ಚಹಾ ಸಾಲುಗಳ ನಡುವೆ ಹೊರಡುತ್ತವೆ. ಕೂಲಿ ಮುಗಿಸಿದ ಜನ ಬಸ್ಸಿಳಿದು ಲೈನ್ ಮನೆಗೆ (ತೋಟದ ಕೂಲಿಗಳ ಸಾಲುಮನೆ) ನಡೆಯುವುದೂ ಅದೇ ಹೊತ್ತಿಗೆ. ಇಲ್ಲಿ ಆನೆಯಿಂದ ಸತ್ತವರಲ್ಲಿ ಹೆಚ್ಚಿನವರಿಗೆ ಅದು ಹತ್ತಿರದಲ್ಲಿದೆ ಅಂತಲೇ ಗೊತ್ತಿರಲಿಲ್ಲ.

ಮೈಸೂರಿನ ವನ್ಯಜೀವಿ ಸಂಸ್ಥೆ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಹಿಡಿದದ್ದು ಇದೇ ಎಳೆಯನ್ನು. ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜು ಬರುತ್ತದೆ. ಎತ್ತರದ ಜಾಗಗಳಲ್ಲಿ ಕಂಬ ನೆಟ್ಟು ಕೆಂಪು ದೀಪ ಹಾಕಿದ್ದಾರೆ. ಆನೆ ಕಂಡವರು ಫೋನಿನಿಂದಲೇ ಅದನ್ನು ಹೊತ್ತಿಸಬಹುದು. ಈ ಕೆಲಸಕ್ಕೆ ಸಂಸ್ಥೆಯ ವಿಜ್ಞಾನಿ ಆನಂದ ಕುಮಾರ್ ಅವರಿಗೆ 2015ರಲ್ಲಿ ವನ್ಯಜೀವಿ ರಕ್ಷಣೆಗೆ ಬ್ರಿಟನ್ನಿನಲ್ಲಿ ಕೊಡುವ ವಿಟ್ಲಿ ಪ್ರಶಸ್ತಿ ಬಂತು.

ಸಂಜೆ ಒಂದು ತಿರುವಿನಲ್ಲಿ ಆ ದೀಪ ಉರಿಯುತ್ತಿತ್ತು. ಎಲೆ ಕೀಳುವ ಹೆಂಗಸೊಬ್ಬರು ನಿಂತು ತಮ್ಮ ಮೊಬೈಲು ತೋರಿಸಿದರು. "ಮೊದ್ಲು ಜೀವ ಕೈಯಲ್ಲಿ ಹಿಡ್ಕೊಂಡು ನಡೀತಿದ್ವಿ ಸಾರ್. ಈಗ ಇದು ಉರಿದ್ರೆ ಕಾಯ್ತೀವಿ, ಅಷ್ಟೆ," ಅಂದರು. ಅವರ ಜೊತೆ ನಾವೂ ಕಾದೆವು. ದೂರದಲ್ಲಿ ಸಿಲ್ವರ್ ಓಕ್ ಮರಗಳ ಮಧ್ಯೆ ಮೂರು ಬೆನ್ನು ಕಂಡವು. ಒಂದು ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಹೋಗುತ್ತಿತ್ತು. ಯಾರೂ ಕೂಗಲಿಲ್ಲ, ಪಟಾಕಿ ಹೊಡೆಯಲಿಲ್ಲ.

ದೀಪ ಜೀವ ಉಳಿಸುತ್ತದೆ ನಿಜ, ಆದರೆ ಆನೆಗೆ ನಿಲ್ಲಲು ನೆರಳೂ ಬೇಕಲ್ವಾ? ತೋಟದವರು ಒಪ್ಪಿದ ಕಡೆ ಅದೇ ಸಂಸ್ಥೆ ಮಳೆಕಾಡಿನ ಸಸಿಗಳನ್ನು ನೆಟ್ಟು ಆ ತುಣುಕುಗಳನ್ನು ಬೆಳೆಸುತ್ತಿದೆ. ನನಗೆ ಇದೇ ದೊಡ್ಡ ಕೆಲಸ ಅನಿಸಿತು. ಚಹಾ ಕಿತ್ತುಹಾಕಿ ಅಂತ ಹೇಳುವ ಹಕ್ಕು ನನಗಿಲ್ಲ, ಅದನ್ನೇ ನಂಬಿ ಸಾವಿರಾರು ಮನೆಗಳಿವೆ. ಆದರೆ ಹೊಳೆ ದಂಡೆಯ ಸಾಲುಗಳನ್ನಾದರೂ ಕಾಡಿಗೆ ಬಿಡಬೇಕು. ಅದು ಪ್ರತಿ ತೋಟದಲ್ಲೂ ಆಗಬೇಕು.

ಇಲ್ಲಿನ ಪುದುತೋಟ್ಟಂ ಎಸ್ಟೇಟ್ ಹತ್ತಿರ ಸಿಂಗಳೀಕಗಳು ಖಂಡಿತ ಸಿಗುತ್ತವೆ. ರಸ್ತೆ ಮೇಲೆ ಮರದಿಂದ ಮರಕ್ಕೆ ಅವಕ್ಕೆಂದೇ ಸೇತುವೆ ಕಟ್ಟಿದ್ದಾರೆ. ಹೋದವರು ದಯವಿಟ್ಟು ಬಿಸ್ಕತ್ತು ಎಸೆಯಬೇಡಿ. ತಿನ್ನಲು ಕೆಳಗಿಳಿದರೆ ಗಾಡಿಗೆ ಸಿಕ್ಕಿ ಸಾಯುತ್ತವೆ.