ಪಿಂಗ್ ಹೋಗುತ್ತೆ, ಸಾಫ್ಟ್‌ವೇರ್ ಕನೆಕ್ಟ್ ಆಗಲ್ಲ: ಎಲ್ಲಿಂದ ನೋಡಬೇಕು?

ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆಲ್ಲ ಗೊತ್ತಿರುವ ದೂರು: "ಸರ್ವರ್‌ಗೆ ಪಿಂಗ್ ಬರ್ತಿದೆ ಸಾರ್, ಅಕೌಂಟ್ಸ್ ಸಾಫ್ಟ್‌ವೇರ್ ಮಾತ್ರ ಓಪನ್ ಆಗ್ತಿಲ್ಲ."

ಪಿಂಗ್ (ಮೆಷಿನ್ ಉತ್ತರ ಕೊಡುತ್ತದೆಯೇ ಎಂದು ನೋಡುವ ಕಮಾಂಡ್) ಓಡುವುದು ಐಸಿಎಂಪಿ ಎಂಬ ಪ್ರೊಟೊಕಾಲ್‌ನಲ್ಲಿ, ಸಾಫ್ಟ್‌ವೇರ್ ಕೇಳುವುದು ಟಿಸಿಪಿ ಪೋರ್ಟನ್ನು, ಅಂದರೆ ಸರ್ವರ್‌ನಲ್ಲಿ ಆ ಸರ್ವಿಸ್‌ಗೆಂದು ಇರುವ ನಂಬರಿನ ಬಾಗಿಲನ್ನು. ಫೈರ್‌ವಾಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ರೂಲ್. ಪಿಂಗ್ ಬರದಿದ್ದರೂ ಮೆಷಿನ್ ಆಫ್ ಆಗಿದೆ ಎನ್ನಬೇಡಿ. ಎರಡೂ ಮೆಷಿನ್ ಒಂದೇ ಸಬ್‌ನೆಟ್‌ನಲ್ಲಿ (ನಡುವೆ ರೂಟರ್ ಇಲ್ಲದ ಒಂದೇ ಐಪಿ ಗುಂಪಿನಲ್ಲಿ) ಇದ್ದರೆ ಪಿಂಗ್ ಮಾಡಿದ ಕೂಡಲೇ ಎಆರ್‌ಪಿ ಟೇಬಲ್ (ಯಾವ ಐಪಿಗೆ ಯಾವ ನೆಟ್‌ವರ್ಕ್ ಕಾರ್ಡ್ ಎಂಬ ಪಟ್ಟಿ) ನೋಡಿ. ಅದರಲ್ಲಿ ಸರ್ವರ್‌ನ ಮ್ಯಾಕ್ ಅಡ್ರೆಸ್ (ಕಾರ್ಡಿನ ಗುರುತಿನ ನಂಬರ್) ಬಂದಿದ್ದರೆ ಕೇಬಲ್, ಸ್ವಿಚ್ ಸರಿ ಇವೆ.

ಆಮೇಲೆ ಪೋರ್ಟನ್ನೇ ಪರೀಕ್ಷಿಸಿ. ಸಾಫ್ಟ್‌ವೇರ್ ಓಪನ್ ಆಗದ ಕಂಪ್ಯೂಟರಿನಲ್ಲಿ (ಕ್ಲೈಂಟ್), ವಿಂಡೋಸ್‌ನ ಪವರ್‌ಶೆಲ್‌ನಲ್ಲಿ 'ಟೆಸ್ಟ್-ನೆಟ್‌ಕನೆಕ್ಷನ್' ಕಮಾಂಡಿಗೆ ಸರ್ವರ್ ಐಪಿ, ಪೋರ್ಟ್ ನಂಬರ್ ಕೊಡಿ (ಇಂಥ ಸಾಫ್ಟ್‌ವೇರ್ ಬಳಸುವ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಆಗಿದ್ದರೆ ಸಾಮಾನ್ಯವಾಗಿ 1433). 'ಫಾಲ್ಸ್' ಬಂದರೆ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಗಮನಿಸಿ. ಇಡೀ ಹುಡುಕಾಟದ ದಿಕ್ಕು ನಿರ್ಧಾರವಾಗುವುದು ಇಲ್ಲೇ.

ಒಂದೆರಡು ಸೆಕೆಂಡಿಗೇ ಫೇಲ್ ಆದರೆ ಕನೆಕ್ಷನ್ 'ರೆಫ್ಯೂಸ್' ಆಗಿದೆ: ಪ್ಯಾಕೆಟ್ (ಕಳಿಸಿದ ಡೇಟಾ ತುಣುಕು) ಸರ್ವರ್ ಮುಟ್ಟಿದೆ, ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರಿಲ್ಲ. ಹೆಚ್ಚಿನ ಸಲ ಫೈರ್‌ವಾಲ್ ತಪ್ಪಲ್ಲ. ಸರ್ವರ್‌ನಲ್ಲಿ ತೆರೆದ ಪೋರ್ಟ್‌ಗಳನ್ನು ತೋರಿಸುವ 'ನೆಟ್‌ಸ್ಟ್ಯಾಟ್' ಕಮಾಂಡ್ ಹಾಕಿ, ಪೋರ್ಟ್ 127.0.0.1ರಲ್ಲಿ (ಆ ಮೆಷಿನ್ ತನ್ನನ್ನೇ ಕರೆಯುವ ವಿಳಾಸ) ಮಾತ್ರ ಕಂಡರೆ ಹೊರಗಿನಿಂದ ಯಾರೂ ಸೇರಲಾರರು. ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಆವೃತ್ತಿ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್‌ನಲ್ಲಂತೂ ಇನ್‌ಸ್ಟಾಲ್ ಮಾಡಿದಾಗ ಟಿಸಿಪಿ/ಐಪಿ ಆಫ್ ಆಗಿಯೇ ಇರುತ್ತದೆ. ಎಸ್‌ಕ್ಯೂಎಲ್ ಸರ್ವರ್ ಕಾನ್ಫಿಗರೇಷನ್ ಮ್ಯಾನೇಜರ್‌ನಲ್ಲಿ ಆನ್ ಮಾಡಿ, ಡೈನಾಮಿಕ್ (ತಾನೇ ಬದಲಾಗುವ) ಪೋರ್ಟ್ ತೆಗೆದು 1433 ಕೊಟ್ಟು, ಸರ್ವಿಸ್ ರೀಸ್ಟಾರ್ಟ್ ಮಾಡಿ.

ವಿಂಡೋಸ್‌ನಲ್ಲಿ ಸುಮಾರು 21 ಸೆಕೆಂಡು ಕಾಯಿಸಿ ಫೇಲ್ ಆದರೆ ಅದು ಟೈಮ್‌ಔಟ್. ಪ್ಯಾಕೆಟ್ಟನ್ನು ಎಲ್ಲೋ ಸದ್ದಿಲ್ಲದೆ ಡ್ರಾಪ್ ಮಾಡಲಾಗುತ್ತಿದೆ. ಊಹೆ ಬೇಡ, ಸರ್ವರ್‌ನಲ್ಲೇ ವೈರ್‌ಶಾರ್ಕ್ (ಬಂದು ಹೋಗುವ ಪ್ಯಾಕೆಟ್ ತೋರಿಸುವ ಸಾಫ್ಟ್‌ವೇರ್) ಹಾಕಿ ನೋಡಿ. ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್ 'ಸಿನ್' ಬಂದೇ ಇಲ್ಲವೆಂದರೆ ತಡೆ ದಾರಿಯಲ್ಲಿದೆ: ವಿಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ರೂಲ್, ರೂಟರ್ ಅಥವಾ ವೈಫೈನಲ್ಲಿರುವವರು ಪರಸ್ಪರ ಸೇರದಂತೆ ತಡೆಯುವ ಕ್ಲೈಂಟ್ ಐಸೊಲೇಷನ್. ಬಂದರೂ ಉತ್ತರ ಹೋಗದಿದ್ದರೆ ಮೊದಲ ಅನುಮಾನ ಸರ್ವರ್‌ನ ಫೈರ್‌ವಾಲ್ ಮೇಲೆ. ಉತ್ತರ ಹೊರಟೂ ಕ್ಲೈಂಟ್‌ಗೆ ತಲುಪದಿದ್ದರೆ ಸರ್ವರ್‌ನ ಗೇಟ್‌ವೇ (ಹೊರಹೋಗುವ ದಾರಿಯ ರೂಟರ್ ವಿಳಾಸ), ಎರಡನೇ ನೆಟ್‌ವರ್ಕ್ ಕಾರ್ಡ್ ನೋಡಿ; ಉತ್ತರ ಬೇರೆ ದಾರಿ ಹಿಡಿದಿರಬಹುದು.

ನಿನ್ನೆಯವರೆಗೆ ಸರಿಯಿದ್ದು, ರೂಟರ್ ಬದಲಿಸಿದ ಮೇಲೆ ಕೆಟ್ಟಿತೇ? ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದುಕೊಂಡು ಪ್ರೊಫೈಲನ್ನು 'ಪಬ್ಲಿಕ್'ಗೆ ಹಾಕಿರಬಹುದು. ಆಗ 'ಪ್ರೈವೇಟ್'ಗೆ ಮಾತ್ರ ಬರೆದ ರೂಲ್‌ಗಳು ಅನ್ವಯಿಸುವುದಿಲ್ಲ.

"ಫೈರ್‌ವಾಲ್ ಆಫ್ ಮಾಡಿಬಿಡಿ" ಎನ್ನುವವರ ಮಾತು ಕೇಳಬೇಡಿ. ವಿಂಡೋಸ್ ಫೈರ್‌ವಾಲ್‌ನಲ್ಲಿ ಡ್ರಾಪ್ ಆದ ಪ್ಯಾಕೆಟ್‌ಗಳ ಲಾಗ್ ಡೀಫಾಲ್ಟ್ ಆಗಿ ಆಫ್ ಇರುತ್ತದೆ, ಅದನ್ನು ಆನ್ ಮಾಡಿ ಕಾರಣ ಹಿಡಿಯಿರಿ. ಇನ್‌ಬೌಂಡ್ (ಒಳಬರುವ ಕನೆಕ್ಷನ್‌ಗಳ) ರೂಲ್ ಬರೆಯುವಾಗ ಟಿಸಿಪಿ 1433 ಒಂದನ್ನೇ ತೆರೆದು, ರಿಮೋಟ್ ಅಡ್ರೆಸ್ ಜಾಗದಲ್ಲಿ ಆಫೀಸಿನ ಸಬ್‌ನೆಟ್ ಮಾತ್ರ ಕೊಡಿ.