ಜೈಲಿನ ಚಾಪ್ಲಿನ್‌ಗೆ ಸರ್ಕಾರಿ ಸಂಬಳ ಯಾಕೆ?

ನಾನು ಕ್ಯಾಲಿಫೋರ್ನಿಯಾದ ಒಂದು ರಾಜ್ಯ ಜೈಲಿನಲ್ಲಿ ನರ್ಸ್. ಇಲ್ಲಿ ಪಾದ್ರಿ, ಇಮಾಮ್, ಯಹೂದಿಗಳ ಗುರು ರಬ್ಬಿ ಎಲ್ಲರೂ ಸರ್ಕಾರಿ ನೌಕರರು, ನಮ್ಮ ಹಾಗೇ. ಇವರನ್ನು ಚಾಪ್ಲಿನ್ ಅನ್ನುತ್ತಾರೆ. ಸರ್ಕಾರ ಯಾವ ಧರ್ಮವನ್ನೂ ತನ್ನದಾಗಿಸಿಕೊಳ್ಳಬಾರದು ಅಂತ 1791ರಲ್ಲೇ ಸಂವಿಧಾನಕ್ಕೆ ಸೇರಿಸಿಕೊಂಡ ದೇಶದಲ್ಲಿ ಇದೇನು ಅಂತ ಯಾರಿಗಾದರೂ ಅನ್ನಿಸುತ್ತದೆ. ಮುಜರಾಯಿ ದೇವಸ್ಥಾನಕ್ಕೆ ತಸ್ತೀಕ್ ಕೊಡುವ ಊರಿನಿಂದ ಬಂದ ನನಗೂ ಅನ್ನಿಸಿತ್ತು.

ಆದರೆ ಈ ಚಾಪ್ಲಿನ್‌ಗಳು ದಿನವಿಡೀ ಉಪದೇಶ ಮಾಡುತ್ತಾ ಕೂರುವುದಿಲ್ಲ. ಕೈದಿಯ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಹೇಳುವುದು ಹೆಚ್ಚಾಗಿ ಅವರೇ. ಮೊದಲು ಆಸ್ಪತ್ರೆಗೋ ಶವಾಗಾರಕ್ಕೋ ಫೋನ್ ಮಾಡಿ ನಿಜವೇ ಅಂತ ನೋಡುತ್ತಾರೆ. ಆಮೇಲೆ ಅವನನ್ನು ಕರೆಸಿ, ಕೂರಿಸಿ, ಹೇಳುತ್ತಾರೆ. ಅವತ್ತು ರಬ್ಬಿ ಡ್ಯೂಟಿಯಲ್ಲಿದ್ದರೆ ಕ್ಯಾಥೊಲಿಕ್ ಹುಡುಗನಿಗೂ ರಬ್ಬಿಯೇ. ಜಾತಿ ಧರ್ಮ ಯಾರೂ ನೋಡುವುದಿಲ್ಲ. ಹೇಳಿದ ಮೇಲೆ ನಮ್ಮ ಕ್ಲಿನಿಕ್ಕಿಗೂ ಒಂದು ಮಾತು ಹಾಕುತ್ತಾರೆ: ಇವತ್ತು ರಾತ್ರಿ ಇವನ ಮೇಲೆ ಕಣ್ಣಿಡಿ. ಜೈಲಿನಲ್ಲಿ ಆತ್ಮಹತ್ಯೆಯ ಭಯ ಸುಮ್ನೆ ಅಲ್ಲ.

ರಂಜಾನ್ ಬಂದರೆ ಉಪವಾಸ ಮಾಡುವವರ ಪಟ್ಟಿ ಇಮಾಮ್ ಹತ್ತಿರ ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಯಾವ ಹೊತ್ತಿಗೆ, ಎಷ್ಟು ಅಂತ ಡಾಕ್ಟರ್ ಬದಲಿಸಬೇಕಲ್ವಾ? ಆ ಪಟ್ಟಿ ಮೊದಲೇ ಕೇಳಿ ತೆಗೆದುಕೊಳ್ಳಬೇಕು ಅನ್ನುವುದು ಯಾವ ನರ್ಸಿಂಗ್ ಕಾಲೇಜಿನಲ್ಲೂ ಹೇಳಿಕೊಡದ ಪಾಠ. ಊಟ ಬೇಡ ಅಂದವನು ಮುಷ್ಕರ ಹೂಡಿದ್ದಾನೋ, ವ್ರತದಲ್ಲಿದ್ದಾನೋ ಅನ್ನುವುದಕ್ಕೂ ನಾನು ಮೊದಲು ಫೋನ್ ಮಾಡುವುದು ಚಾಪ್ಲಿನ್‌ಗೇ.

ಹೊರಗಿರುವವನು ತನ್ನ ಚರ್ಚಿಗೋ ಮಸೀದಿಗೋ ತಾನೇ ನಡೆದು ಹೋಗುತ್ತಾನೆ. ಇವನನ್ನು ಕೂಡಿಹಾಕಿರುವುದೇ ಸರ್ಕಾರ. ಹಾಗಾಗಿ ಸಂಬಳದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಹಂಚಿಕೆಯಲ್ಲಿ. ಟೆಕ್ಸಾಸ್‌ನ ಬೌದ್ಧ ಕೈದಿಯೊಬ್ಬನ ಕೇಸಿನಲ್ಲಿ 1972ರಲ್ಲಿ ಸುಪ್ರೀಂ ಕೋರ್ಟ್, ಬೇರೆಯವರಿಗೆ ಸಿಗುವಂಥ ಅವಕಾಶ ಇವನಿಗೂ ಸಿಗಬೇಕು ಅಂದಿತು. ಆದರೆ ಎಷ್ಟು ಜನ ಕೇಳುತ್ತಾರೆ ಅಂತ ನೋಡದೆ ಪ್ರತಿ ಪಂಗಡಕ್ಕೂ ಗುರುವನ್ನು ಕೊಡಬೇಕಿಲ್ಲ ಅಂತಲೂ ಹೇಳಿತು. ಕ್ಯಾಲಿಫೋರ್ನಿಯಾ ಐದು ಗುಂಪಿಗೆ ಸಂಬಳದ ಹುದ್ದೆ ಇಟ್ಟಿತು: ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಯಹೂದಿ, ಮುಸ್ಲಿಂ, ಅಮೆರಿಕದ ಮೂಲನಿವಾಸಿ. ಸಂಬಳವಿಲ್ಲದೆ ದುಡಿಯುತ್ತಿದ್ದ, ಪ್ರಕೃತಿಯನ್ನು ಪೂಜಿಸುವ ವಿಕ್ಕನ್ ಪಂಥದ ಚಾಪ್ಲಿನ್ ಒಬ್ಬರು ಇದರ ವಿರುದ್ಧ ಕೋರ್ಟಿಗೆ ಹೋದರು. 2011ರಲ್ಲಿ ಸೋತರು. ಕೈದಿಗಳ ಹಕ್ಕಿನ ಪರವಾಗಿ ಕೇಳಲು ನಿಮಗೆ ಅಧಿಕಾರವಿಲ್ಲ ಅಂತ ಮೇಲ್ಮನವಿ ಕೋರ್ಟ್ ಹೇಳಿತು. ಐದೇ ಯಾಕೆ ಅನ್ನುವ ಪ್ರಶ್ನೆ ಅಲ್ಲೇ ಉಳಿಯಿತು.

ನಮ್ಮಲ್ಲಿ ಹಿಂದೂ ಕೈದಿಗಳು ಬೆರಳೆಣಿಕೆಯಷ್ಟು. ಅವರಿಗೆ ಗೀತೆಯ ಪುಸ್ತಕ ಬೇಕಾದರೆ ತರಿಸಿಕೊಡುವುದು ಪ್ರಾಟೆಸ್ಟೆಂಟ್ ಚಾಪ್ಲಿನ್. ಪಾಪ, ಶ್ರದ್ಧೆಯಿಂದಲೇ ಮಾಡುತ್ತಾರೆ. ಆದರೂ ಹೊರಗಿನಿಂದ ಬಿಟ್ಟಿಯಾಗಿ ಬಂದು ಹೋಗುವ ಸ್ವಯಂಸೇವಕರಿಗೆ ಗಂಟೆ ಲೆಕ್ಕದಲ್ಲಾದರೂ ಸರ್ಕಾರ ದುಡ್ಡು ಕೊಡಲಿ ಅನ್ನುವುದು ನನ್ನ ಅಭಿಪ್ರಾಯ.